ಕೊಟ್ಟಿಗೆಯಿಂದ ಕಾಡಿಗೆ ನಡೆದ ಮಾರಿ

ಹೂವಿನಹಡಗಲಿ ಸೀಮೆಯ ಎರೆ ಹೊಲಗಳಲ್ಲಿ ಹಿಂಡು ಹಿಂಡಾಗಿ ಮೇಯುವ ಕೃಷ್ಣಮೃಗಗಳು ಅಲ್ಲಿನ ರೈತರಿಗೆ ಹೊಸತಲ್ಲ. ಜನರ ಬಾಯಲ್ಲಿ ಅವು ಚಿಗರಿ. ತುಂಗಭದ್ರೆಯ ಆಚೆಗಿರುವ ರಾಣೆಬೆನ್ನೂರಿನಲ್ಲಿ 1974ರಲ್ಲಿ ಇವುಗಳಿಗೆಂದೇ ಅಭಯಾರಣ್ಯ ಸ್ಥಾಪನೆಯಾಯಿತು. ಹಡಗಲಿಯ ಚಿಗರಿಗಳಿಗೆ ಅಂಥ ಆಸರೆಯಿಲ್ಲ. ಕುರಿ ಮಂದೆ ಮೇದ ಬೀಳಿನಲ್ಲೇ ಅವೂ ಮೇಯಬೇಕು, ದನ ಕುಡಿದ ಹಳ್ಳದ ನೀರನ್ನೇ ಅವೂ ಕುಡಿಯಬೇಕು. ಬೆಳೆಗೆ ಬೀಳುವ ಚಿಗರಿಗಳ ಹಾವಳಿ ಆಗಾಗ ಸುದ್ದಿಯಾಗುತ್ತದೆ. ಸಾಕುಪ್ರಾಣಿಗಳಿಂದ ಕಾಡುಪ್ರಾಣಿಗಳಿಗೆ ಬಂದೊದಗಿದ ಹಾವಳಿಯ ಚರಿತ್ರೆ ಮಾತ್ರ ಅಷ್ಟಾಗಿ ಬೆಳಕಿಗೆ ಬಂದಿಲ್ಲ.

ಕಾಡಿನ ಜಿಂಕೆ ಸಾಯುವುದು ಹುಲಿ, ಚಿರತೆ, ತೋಳಗಳ ಬಾಯಿಗೆ ಸಿಕ್ಕಿ ಎಂಬುದು ಸಾಮಾನ್ಯ ತಿಳಿವಳಿಕೆ. ಬೀದಿನಾಯಿ, ರಸ್ತೆಯ ವಾಹನ, ಕಟ್ಟೆಯಿಲ್ಲದ ಬಾವಿ ಇವೂ ಜಿಂಕೆಗಳ ಜೀವ ತೆಗೆಯುತ್ತವೆ. ಆದರೆ ಇವೆಲ್ಲ ಒಂದೋ ಎರಡೋ ಪ್ರಾಣಿಗಳನ್ನು ಕೊಲ್ಲುವಂಥವು. ಹಿಂಡಿಗೆ ಹಿಂಡನ್ನೇ ನೆಲಕ್ಕೆ ಕೆಡಹಿದ್ದು ರೋಗ. ಅವುಗಳಲ್ಲಿ ಅತಿ ಭಯಂಕರವಾದುದು ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್.

ಜ್ವರದಿಂದ ಆರಂಭವಾಗಿ, ಕಣ್ಣು ಮೂಗುಗಳಲ್ಲಿ ನೀರು ಸುರಿದು, ಬಾಯಿಯೆಲ್ಲ ಹುಣ್ಣಾಗಿ, ಕೊನೆಗೆ ಭೇದಿ ಹತ್ತಿ ಒಂದೆರಡು ವಾರಗಳಲ್ಲಿ ದನ ಸಾಯುತ್ತಿತ್ತು. ಇದಕ್ಕೆ ಕಾರಣವಾದ ವೈರಾಣು ದನ, ಎಮ್ಮೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ಕಾಟಿ, ಕಡವೆ, ಚುಕ್ಕೆ ಜಿಂಕೆ, ಕಾಡುಹಂದಿ ಹೀಗೆ ಗೊರಸು ಸೀಳಿದ ಕಾಡುಪ್ರಾಣಿಗಳಿಗೂ ಅದು ತಗಲುತ್ತಿತ್ತು.

ಊರಿಗೆ ಜಾಡ್ಯ ಬಂದಾಗ ಮಾರಿಯನ್ನು ಪೂಜಿಸಿ ಗಡಿ ದಾಟಿಸುವ ಆಚರಣೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಇತ್ತು. ಊರೇನೋ ಉಳಿಯಲಿ ಎಂಬುದು ಆ ಹರಕೆಯ ಆಶಯ. ಗಡಿಯಾಚೆ ಇದ್ದದ್ದು ಕಾಡು. ರೋಗವೂ ಅದೇ ದಾರಿ ಹಿಡಿಯುತ್ತಿತ್ತು.

ಮದರಾಸಿನಿಂದ ಆಫ್ರಿಕದವರೆಗೆ

ಭಾರತದ ಜಾನುವಾರು ಜಾಡ್ಯಗಳ ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆಯೋಗ 1871ರಲ್ಲಿ ವರದಿ ನೀಡಿತು. ಹಡಗಲಿ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1889ರಲ್ಲಿ ಪುಣೆಯಲ್ಲಿ ಆರಂಭವಾದ ಪ್ರಯೋಗಾಲಯ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. ಊರು ಕೇರಿಗಳಿಂದ ದೂರವಿದ್ದರೆ ರೋಗಾಣು ಹೊರಗೆ ಹಬ್ಬಲಾರದು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಅದೇ ಹೊತ್ತಿಗೆ, 1880ರ ದಶಕದ ಕೊನೆಯಲ್ಲಿ, ಹಡಗಿನಲ್ಲಿ ಸಾಗಿಸಿದ ದನಗಳ ಜತೆ ದೊಡ್ಡರೋಗ ಪೂರ್ವ ಆಫ್ರಿಕ ತಲುಪಿತು. ಹತ್ತೇ ವರ್ಷಗಳಲ್ಲಿ ಅದು ಖಂಡದ ದಕ್ಷಿಣ ತುದಿ ಮುಟ್ಟಿತು. ದನಗಳ ಜತೆಗೆ ಕಾಡೆಮ್ಮೆ, ಹುಲ್ಲೆಗಳೂ ರಾಶಿ ರಾಶಿಯಾಗಿ ಸತ್ತವು.

ಕರ್ನಾಟಕದ ಕಾಡುಗಳೂ ಇದಕ್ಕೆ ಹೊರತಾಗಲಿಲ್ಲ. 1968ರಲ್ಲಿ ಬಂಡೀಪುರ ಮತ್ತು ಅದಕ್ಕೆ ಹೊಂದಿಕೊಂಡ ಮುದುಮಲೈ ಕಾಡಿಗೆ ದೊಡ್ಡರೋಗ ನುಗ್ಗಿ ಕಾಟಿಗಳ ಸಂತತಿಯನ್ನೇ ಕುಗ್ಗಿಸಿತು. 1989ರ ಸುಮಾರಿಗೆ ಭದ್ರಾ ಅಭಯಾರಣ್ಯದ ಕಾಟಿಗಳಿಗೂ ಅದೇ ಗತಿಯಾಯಿತು. ಕಾಡಿನೊಳಗೆ ಮೇಯುತ್ತಿದ್ದ ದನಗಳೇ ರೋಗದ ಮೂಲವಾಗಿದ್ದವು.

ಕಾಡು ಉಳಿಸಿದ ಸೂಜಿ

ಪರಿಹಾರವೂ ಕೊಟ್ಟಿಗೆಯಿಂದಲೇ ಬಂದಿತೆಂಬುದು ಈ ಚರಿತ್ರೆಯ ವಿಶೇಷ. 1920ರ ದಶಕದಲ್ಲಿ ಮುಕ್ತೇಶ್ವರದ ವಿಜ್ಞಾನಿ ಜೆ.ಟಿ. ಎಡ್ವರ್ಡ್ಸ್ ರೋಗದ ವೈರಾಣುವನ್ನು ಮೇಕೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಉಗ್ರತೆ ತಗ್ಗಿಸಿದರು. ದನಗಳಿಗೆ ಲಸಿಕೆ ದೊರೆತದ್ದು ಹೀಗೆ. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ವಾಲ್ಟರ್ ಪ್ಲೋರೈಟ್ ಕೀನ್ಯಾದಲ್ಲಿ ರೂಪಿಸಿದ ಸುಧಾರಿತ ಲಸಿಕೆ ಮುಂದೆ ಕೈಗೂಡಿತು.

ಹಳ್ಳಿ ಹಳ್ಳಿಗಳಲ್ಲಿ ದನಗಳಿಗೆ ಲಸಿಕೆ ಬಿದ್ದಂತೆ ಕಾಡಿನಲ್ಲೂ ರೋಗ ಅಡಗಿತು. ಜಿಂಕೆ, ಕಾಟಿಗಳನ್ನು ಹಿಡಿದು ಸೂಜಿ ಚುಚ್ಚುವ ಅಗತ್ಯವೇ ಬೀಳಲಿಲ್ಲ. ಈ ವೈರಾಣು ಪ್ರಾಣಿಯ ದೇಹದ ಹೊರಗೆ ಹೆಚ್ಚು ಕಾಲ ಬದುಕದು. ಗುಣವಾದ ಪ್ರಾಣಿಗೆ ಅದು ಮತ್ತೆ ತಗಲದು. ಊರಿನ ದನಗಳಿಂದ ಹೊಸ ಸೋಂಕು ಬರುವುದು ನಿಂತಾಗ ಕಾಡಿನಲ್ಲಿ ಅದಕ್ಕೆ ನೆಲೆ ಸಿಗಲಿಲ್ಲ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಈ ರೋಗದಿಂದ ಮುಕ್ತವಾಯಿತೆಂಬ ಘೋಷಣೆ ಹೊರಬಿತ್ತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಅಳಿಸಿಹಾಕಿದ ಎರಡನೆಯ ರೋಗವಿದು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ದೊಡ್ಡರೋಗದ ದಾಯಾದಿಯಂತಿರುವ ಪಿಪಿಆರ್ ಕುರಿ ಮೇಕೆಗಳನ್ನು ಕಾಡುತ್ತದೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಇದು ಕಾಡಿನ ಹುಲ್ಲೆಗಳಿಗೆ ಏನು ಮಾಡಬಲ್ಲದೆಂಬುದಕ್ಕೆ ಮಂಗೋಲಿಯ ಸಾಕ್ಷಿ. ಅಲ್ಲಿ 2016-17ರಲ್ಲಿ ಕುರಿ ಮೇಕೆಗಳಿಂದ ಹರಡಿದ ಪಿಪಿಆರ್ ಸೈಗಾ ಹುಲ್ಲೆಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಬಲಿ ತೆಗೆದುಕೊಂಡಿತು.

ಎಲ್ಲ ರೋಗವೂ ಕೊಟ್ಟಿಗೆಯಿಂದಲೇ ಬರುತ್ತದೆಂದು ಹೇಳುವಂತಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಸಮೀಪದ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಅದಕ್ಕೆ ಕಾರಣ ಗಳಲೆ ರೋಗ. ಇದರ ಬ್ಯಾಕ್ಟೀರಿಯಾ ಆರೋಗ್ಯವಂತ ಪ್ರಾಣಿಯ ಗಂಟಲಲ್ಲೂ ಸುಮ್ಮನೆ ಇರಬಲ್ಲದು. ಹವೆಯ ಏರುಪೇರು, ದಣಿವು, ಭಯದಿಂದ ಪ್ರಾಣಿ ಕುಗ್ಗಿದಾಗ ಅದು ಕೆರಳುತ್ತದೆ. 2015ರಲ್ಲಿ ಕಜಕಸ್ತಾನದಲ್ಲಿ ಇದೇ ರೋಗ ಸುಮಾರು 2 ಲಕ್ಷ ಸೈಗಾಗಳನ್ನು ಕೊಂದಿತು.

ಹೀಗಾಗಿ ಚಿಗರಿಯ ರಕ್ಷಣೆ ಅರಣ್ಯ ಇಲಾಖೆಯೊಂದರಿಂದಲೇ ಆಗುವ ಕೆಲಸವಲ್ಲ. ಪಶುವೈದ್ಯರೂ ಕುರಿಗಾಹಿಗಳೂ ಅದರಲ್ಲಿ ಪಾಲುದಾರರು. ಮೈಲಾರದ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವ ಈ ಸೀಮೆಯಲ್ಲಿ ದೂರದೂರದ ಜಾನುವಾರುಗಳು ಒಂದೆಡೆ ಸೇರುವುದು ವಾಡಿಕೆ. ಚರ್ಮಗಂಟು ರೋಗ ಹಬ್ಬಿದ 2022ರಲ್ಲಿ ರಾಜ್ಯದಲ್ಲಿ ದನಗಳ ಸಂತೆ ಜಾತ್ರೆಗಳಿಗೆ ತಡೆ ಬಿದ್ದದ್ದು ಇದೇ ಕಾರಣಕ್ಕೆ. ಪಿಪಿಆರ್‌ಗೆ ಲಸಿಕೆ ಇದೆ. 2030ರೊಳಗೆ ಅದನ್ನು ನಿರ್ಮೂಲನ ಮಾಡುವ ಗುರಿಯನ್ನು ಜಗತ್ತು ಇಟ್ಟುಕೊಂಡಿದೆ. ಕುರಿಮರಿಗೆ ಸಕಾಲದಲ್ಲಿ ಹಾಕಿಸಿದ ಒಂದು ಲಸಿಕೆ ಕುರಿಗಾರನ ಬದುಕನ್ನೂ, ಪಕ್ಕದ ಬೀಳಿನಲ್ಲಿ ಮೇಯುವ ಚಿಗರಿಯ ಜೀವವನ್ನೂ ಒಟ್ಟಿಗೇ ಕಾಯುತ್ತದೆ.