ಕ್ರೀಟ್ ದ್ವೀಪದ ಆಲಿವ್ ಎಣ್ಣೆ

ಕ್ರೀಟ್ ದ್ವೀಪವು ಗ್ರೀಸ್ ದೇಶದ ದಕ್ಷಿಣ ಅಂಚಿನಲ್ಲಿ, ಸುಮಾರು 8,300 ಚದರ ಕಿಲೋಮೀಟರ್ ವಿಸ್ತಾರದಲ್ಲಿ, ಪೂರ್ವ ಪಶ್ಚಿಮವಾಗಿ ನೀಳವಾಗಿ ಚಾಚಿಕೊಂಡಿದೆ. ನಡುವೆ ಹಿಮ ಹೊದೆಯುವ ಪರ್ವತಗಳೂ ಅವುಗಳ ಬುಡದಲ್ಲಿ ಸುಣ್ಣಕಲ್ಲಿನ ಒಣ ಇಳಿಜಾರುಗಳೂ ಇರುವ ಈ ದ್ವೀಪದಲ್ಲಿ ಆಲಿವ್ ಮರವು ಕನಿಷ್ಠ ನಾಲ್ಕು ಸಾವಿರ ವರ್ಷಗಳಿಂದ ಮನುಷ್ಯನ ಆರೈಕೆಯಲ್ಲಿದೆ. ಓಲಿಯಾ ಯೂರೋಪಿಯಾ ಎಂಬ ಸಸ್ಯನಾಮದ ಈ ಮರವು ಮಲ್ಲಿಗೆ ಮತ್ತು ಪಾರಿಜಾತ ಸೇರಿದ ಕುಟುಂಬದ್ದು. ಇದೇ ಕುಲದ ಇನ್ನೊಂದು ಮರ, ಓಲಿಯಾ ಡಯೋಯಿಕಾ, ಪಶ್ಚಿಮ ಘಟ್ಟದ ಕಾಡುಗಳಲ್ಲಿ ತಾನಾಗಿ ಬೆಳೆಯುತ್ತದೆ. ಎಳ್ಳು, ಶೇಂಗಾ, ಕುಸುಬೆಗಳಲ್ಲಿ ಎಣ್ಣೆ ಬರುವುದು ಬೀಜದಿಂದಾದರೆ ಆಲಿವಿನಲ್ಲಿ ಅದು ಮುಖ್ಯವಾಗಿ ಹಣ್ಣಿನ ತಿರುಳಿನಲ್ಲಿರುತ್ತದೆ. ಹೀಗಾಗಿ ಹಿಂಡಿದಾಗ ಎಣ್ಣೆಯ ಜೊತೆಗೆ ಕಹಿ ನೀರೂ ಹೊರಬರುತ್ತದೆ, ಹಣ್ಣು ಕೊಯ್ದ ಮೇಲೆ ಬೇಗ ಕೆಡುತ್ತದೆ, ಕೆಟ್ಟ ಹಣ್ಣಿನ ಎಣ್ಣೆಯೂ ಕೆಡುತ್ತದೆ. ಕ್ರೀಟಿನ ಎಣ್ಣೆಯ ಇತಿಹಾಸದ ಬಹುಭಾಗವನ್ನು ಈ ಮೂರು ಸಂಗತಿಗಳೇ ನಿರ್ಧರಿಸಿವೆ.

ದ್ವೀಪದ ಪಶ್ಚಿಮದ ಜೌಗು ನೆಲಗಳಲ್ಲಿ ದೊರೆತ ಪುರಾತನ ಪರಾಗಕಣಗಳ ಅಧ್ಯಯನದಿಂದ, ನವಶಿಲಾಯುಗದಲ್ಲಿಯೇ ಆಲಿವ್ ಅಲ್ಲಿ ಇದ್ದುದು ಮತ್ತು ಕಾಲಕ್ರಮದಲ್ಲಿ ಹೆಚ್ಚಿದುದು ತಿಳಿದುಬಂದಿದೆ. ಅದು ಕಾಡು ಮರವೋ ಕಸಿ ಮಾಡಿ ಬೆಳೆಸಿದ್ದೋ ಎಂಬುದನ್ನು ಪರಾಗವು ಹೇಳಲಾರದು. ಬ್ರಿಟಿಷ್ ಪುರಾತತ್ತ್ವಜ್ಞ ಕಾಲಿನ್ ರೆನ್‌ಫ್ರೂ 1972ರಲ್ಲಿ, ಗೋಧಿಯ ಜೊತೆಗೆ ದ್ರಾಕ್ಷಿ ಮತ್ತು ಆಲಿವ್ ಕೃಷಿ ಸೇರಿದ್ದರಿಂದಲೇ ಏಜಿಯನ್ ಪ್ರದೇಶದಲ್ಲಿ ಸಂಪತ್ತು ಶೇಖರಗೊಂಡು ಅರಮನೆಗಳ ನಾಗರಿಕತೆ ಹುಟ್ಟಿತೆಂದು ವಾದಿಸಿದರು. ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸೇರಿದ ಮಿರ್ಟೋಸ್ ಎಂಬ ನೆಲೆಯಲ್ಲಿ ಸಿಕ್ಕಿದ, ತಳದ ಬಳಿ ಸೊಂಡಿಲಿರುವ ಮಣ್ಣಿನ ತೊಟ್ಟಿಗಳನ್ನು ನೀರಿನಿಂದ ಎಣ್ಣೆ ಬೇರ್ಪಡಿಸುವ ಪಾತ್ರೆಗಳೆಂದು ಕೆಲವರು ಗುರುತಿಸಿದರು; ಅವು ದ್ರಾಕ್ಷಿ ತುಳಿಯುವುದಕ್ಕೋ ಬಟ್ಟೆ ತೊಳೆಯುವುದಕ್ಕೋ ಇದ್ದಿರಬಹುದೆಂದು ಉಳಿದವರು ಆಕ್ಷೇಪಿಸಿದರು. ಅಷ್ಟು ಹಿಂದಿನ ಕಾಲದಲ್ಲಿ ಎಣ್ಣೆಯು ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿತ್ತೆಂಬುದಕ್ಕೆ ಪುರಾವೆ ತೆಳುವಾಗಿರುವುದರಿಂದ ಆಕ್ಷೇಪಿಸಿದವರ ಎಚ್ಚರವೇ ಹೆಚ್ಚು ಒಪ್ಪತಕ್ಕದ್ದು.

ಕ್ರೀಟಿನಲ್ಲಿ ಮಿನೋವನ್ ಎಂದು ಹೆಸರಾದ ಆ ಅರಮನೆಗಳ ನಾಗರಿಕತೆಯ ಕಾಲಕ್ಕೆ ಬಂದರೆ ಪುರಾವೆ ಕಣ್ಣಿಗೆ ಕಾಣುವಂತಿದೆ. ದ್ವೀಪದ ಪೂರ್ವ ತುದಿಯ ಝಾಕ್ರೋಸ್ ಅರಮನೆಯನ್ನು 1960ರ ದಶಕದಲ್ಲಿ ಉತ್ಖನನ ಮಾಡಿದ ನಿಕೋಲಾಸ್ ಪ್ಲಾಟನ್ ಅವರಿಗೆ ಅಲ್ಲಿನ ಬಾವಿಯೊಂದರ ತಳದಲ್ಲಿ, ಬಟ್ಟಲಿನಲ್ಲಿ ಇಟ್ಟ ಆಲಿವ್ ಹಣ್ಣುಗಳು ಸಿಕ್ಕವು. ಕ್ರಿ.ಪೂ. 1450ರ ಸುಮಾರಿಗೆ ಅರಮನೆ ನಾಶವಾದಂದಿನಿಂದ ನೀರಿನಲ್ಲೇ ಮುಳುಗಿದ್ದ ಅವುಗಳ ಸಿಪ್ಪೆ ತಿರುಳುಗಳು ಆಗಷ್ಟೇ ಕೊಯ್ದಂತೆ ತುಂಬಿಕೊಂಡಿದ್ದು, ಗಾಳಿಗೆ ಒಡ್ಡಿದ ಕೆಲವೇ ಕ್ಷಣಗಳಲ್ಲಿ ಸುಕ್ಕುಗಟ್ಟಿದವು. ಮೊದಲು 1878ರಲ್ಲಿ ಮಿನೋಸ್ ಕಲೋಕೇರಿನೋಸ್, ಅನಂತರ 1900ರಿಂದ ಆರ್ಥರ್ ಇವಾನ್ಸ್ ಅಗೆದ ಕ್ನೋಸೋಸ್ ಅರಮನೆಯ ಪಶ್ಚಿಮ ಭಾಗದಲ್ಲಿ ಎಣ್ಣೆ ಮೊದಲಾದವನ್ನು ತುಂಬಿಡುವ, ಪಿಥೋಸ್ ಎಂದು ಕರೆಯುವ ಆಳೆತ್ತರದ ಮಣ್ಣಿನ ವಾಡೆಗಳ ಸಾಲುಗಳಿದ್ದ ಉದ್ದನೆಯ ಉಗ್ರಾಣಗಳು ಬೆಳಕಿಗೆ ಬಂದವು. ಅಲ್ಲಿನ ಕಲ್ಲುಗಳ ಮೇಲೆ ಬೆಂಕಿಯ ಕಪ್ಪು ಕಲೆಗಳು ಇಂದಿಗೂ ಉಳಿದಿವೆ.

1952ರಲ್ಲಿ ಮೈಕೆಲ್ ವೆಂಟ್ರಿಸ್ ಅವರು ಲೀನಿಯರ್ ಬಿ ಎಂಬ ಲಿಪಿಯನ್ನು ಬಿಡಿಸಿದ ಮೇಲೆ, ಆ ಎಣ್ಣೆ ಯಾರಿಗೆ ಸಲ್ಲುತ್ತಿತ್ತೆಂಬುದೂ ಗೊತ್ತಾಯಿತು. ಕ್ನೋಸೋಸಿನ ಮಣ್ಣಿನ ಫಲಕಗಳ ಒಂದು ವರ್ಗವು ಇಂತಿಂಥ ತಿಂಗಳಲ್ಲಿ ದಿಕ್ತೆ ಬೆಟ್ಟದ ಝ್ಯೂಸನಿಗೆ ಇಷ್ಟು, ಗಾಳಿಗಳ ಪೂಜಾರಿಣಿಗೆ ಇಷ್ಟು, ಎಲ್ಲ ದೇವತೆಗಳಿಗೂ ಸೇರಿಸಿ ಇಷ್ಟು ಎಂದು ಎಣ್ಣೆಯ ಲೆಕ್ಕ ಬರೆದಿಟ್ಟ ಕಡತವೇ ಆಗಿದೆ. ಗಿಡಮೂಲಿಕೆ ಸೇರಿಸಿ ಕಾಯಿಸಿದ ಸುಗಂಧತೈಲದ ತಯಾರಿಕೆಯೂ ಅರಮನೆಯ ಉಸ್ತುವಾರಿಯಲ್ಲಿತ್ತು. ಈ ದಾಖಲೆಗಳಲ್ಲಿ ಎಣ್ಣೆಯು ನೈವೇದ್ಯವಾಗಿ, ಮೈಗೆ ಹಚ್ಚುವ ಪರಿಮಳವಾಗಿ ಮುಂದೆ ನಿಲ್ಲುತ್ತದೆಯೇ ಹೊರತು ಜನಸಾಮಾನ್ಯರ ಅಡುಗೆಯ ಪದಾರ್ಥವಾಗಿ ಅಲ್ಲ.

ರೋಮನ್ ಮತ್ತು ಬೈಜಾಂಟೈನ್ ಆಳ್ವಿಕೆಗಳಲ್ಲಿ ಎಣ್ಣೆಯ ಉತ್ಪಾದನೆ ಮುಂದುವರಿಯಿತಾದರೂ ಹೊರಗಿನ ಪ್ರಪಂಚಕ್ಕೆ ಕ್ರೀಟ್ ಹೆಸರಾದದ್ದು ದ್ರಾಕ್ಷಾರಸಕ್ಕಾಗಿ, ಮತ್ತು 13ನೆಯ ಶತಮಾನದ ಆರಂಭದಲ್ಲಿ ದ್ವೀಪವನ್ನು ಪಡೆದ ವೆನಿಸ್ ಕೂಡ ಮೊದಲು ಕಟ್ಟಿ ಬೆಳೆಸಿದ್ದು ಮಾಲ್ವಸಿಯಾ ಎಂಬ ಸಿಹಿ ದ್ರಾಕ್ಷಾರಸದ ವ್ಯಾಪಾರವನ್ನೇ. 21 ವರ್ಷಗಳ ಮುತ್ತಿಗೆಯ ತರುವಾಯ 1669ರಲ್ಲಿ ಕಾಂಡಿಯಾ, ಅಂದರೆ ಇಂದಿನ ಇರಾಕ್ಲಿಯೋ ನಗರ, ಒಟ್ಟೋಮನ್ನರ ವಶವಾದ ಮೇಲೆ ಚಿತ್ರ ಬದಲಾಯಿತು. ಫ್ರಾನ್ಸಿನ ಮಾರ್ಸೇ ನಗರದ ಸಾಬೂನು ಕಾರ್ಖಾನೆಗಳು ಆಗ ವೇಗವಾಗಿ ಬೆಳೆಯುತ್ತಿದ್ದು, ಸಾಬೂನಿಗೆ ಆಲಿವ್ ಎಣ್ಣೆಯ ಹೊರತು ಬೇರೆ ಕೊಬ್ಬನ್ನು ಬಳಸಬಾರದೆಂದು 1688ರಲ್ಲಿ ರಾಜಾಜ್ಞೆ ಹೊರಟಿದ್ದರಿಂದ, ಫ್ರೆಂಚ್ ವರ್ತಕರು ಖಾನಿಯಾ ಬಂದರಿನಿಂದ ಎಣ್ಣೆಯನ್ನು ಹಡಗುಗಟ್ಟಲೆ ಕೊಂಡೊಯ್ದರು. ಹೀಗೆ 18ನೆಯ ಶತಮಾನದಲ್ಲಿ ದ್ರಾಕ್ಷಾರಸದ ದ್ವೀಪವು ಎಣ್ಣೆಯ ದ್ವೀಪವಾಯಿತು. ಕಾಂಡಿಯಾ ಮತ್ತು ಖಾನಿಯಾಗಳಲ್ಲಿ ಸ್ಥಳೀಯ ಸಾಬೂನು ಕಾರ್ಖಾನೆಗಳೂ ಎದ್ದವು. ಇಂದು ಅನಾದಿ ಕಾಲದ್ದೆಂದು ತೋರುವ ಅಲ್ಲಿನ ತೋಪುಗಳಲ್ಲಿ ಎಷ್ಟೋ ಈ ಸಾಬೂನಿನ ಬೇಡಿಕೆಯಿಂದ ಹುಟ್ಟಿದವು ಎಂಬುದನ್ನು ಪ್ರಚಾರದ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಸಾಬೂನಿಗೂ ದೀಪಕ್ಕೂ ಒಳ್ಳೆಯ ಎಣ್ಣೆ ಬೇಕಿರಲಿಲ್ಲ. ದ್ವೀಪದ ಹಳೆಯ ನಾಟಿ ತಳಿಗಳಲ್ಲಿ ಒಂದಾದ ಥ್ರೂಂಬೋಲಿಯಾ ಎತ್ತರವಾಗಿ ಬೆಳೆಯುವ ಮರವಾದ್ದರಿಂದ, ಹಣ್ಣು ಪೂರ್ತಿ ಮಾಗಿ ತಾನಾಗಿ ಉದುರುವವರೆಗೆ ಕಾದು, ಹೆಂಗಸರೂ ಮಕ್ಕಳೂ ಚಳಿಗಾಲವಿಡೀ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಅದನ್ನು ಒಂದೊಂದಾಗಿ ಆರಿಸುತ್ತಿದ್ದರು. ಆರಿಸಿದ್ದನ್ನು ತಮ್ಮ ಸರದಿ ಬರುವ ತನಕ ರಾಶಿ ಹಾಕಿಡಬೇಕಿತ್ತು. ಕತ್ತೆ ಅಥವಾ ಹೇಸರಗತ್ತೆ ಸುತ್ತುವ ಕಲ್ಲಿನ ಗಾಣದಲ್ಲಿ ಹಣ್ಣನ್ನು ಬೀಜಸಹಿತ ಅರೆದು, ಮುದ್ದೆಯನ್ನು ಮೇಕೆಯ ಕೂದಲಿನಿಂದ ನೇಯ್ದ ಚೀಲಗಳಲ್ಲಿ ತುಂಬಿ ಒಂದರ ಮೇಲೊಂದು ಪೇರಿಸಿ, ತಿರುಪಿನ ಒತ್ತುಯಂತ್ರದಿಂದ ಹಿಂಡುತ್ತಿದ್ದರು. ಎಣ್ಣೆ ಬಿಡಲೆಂದು ಚೀಲಗಳ ಮೇಲೆ ಕುದಿನೀರು ಸುರಿದು ಮತ್ತೆ ಹಿಂಡಿ, ತೊಟ್ಟಿಯಲ್ಲಿ ತೇಲಿದ್ದನ್ನು ಬಾಚಿಕೊಳ್ಳುತ್ತಿದ್ದರು. ನೆಲಕ್ಕೆ ಬಿದ್ದು ಜಜ್ಜಿದ ಹಣ್ಣು, ರಾಶಿಯಲ್ಲಿನ ಹುದುಗು, ಬಿಸಿನೀರು ಮತ್ತು ತೊಳೆದರೂ ಹಳೆಯ ವಾಸನೆ ಬಿಡದ ಚೀಲ ಇವೆಲ್ಲ ಸೇರಿ ಎಣ್ಣೆಯ ಆಮ್ಲಾಂಶ ಏರುತ್ತಿತ್ತು. ಆಮ್ಲಾಂಶವೆಂದರೆ ಎಣ್ಣೆಯ ಅಣುಗಳಿಂದ ಕಳಚಿಕೊಂಡ ಕೊಬ್ಬಿನಾಮ್ಲಗಳ ಪ್ರಮಾಣ. ಇಂದು ಎಕ್ಸ್‌ಟ್ರಾ ವರ್ಜಿನ್ ಎಂಬ ಅತ್ಯುತ್ತಮ ದರ್ಜೆಗೆ ಅದು ಶೇ. 0.8ನ್ನು ಮೀರಬಾರದು.

ಈ ಥ್ರೂಂಬೋಲಿಯಾಕ್ಕೆ ಒಂದು ಅಪರೂಪದ ಗುಣವಿದೆ. ಬೇರೆ ಆಲಿವ್‌ಗಳನ್ನು ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆಸಿ ಕಹಿ ತೆಗೆಯಬೇಕಾದರೆ, ಇದರ ಹಣ್ಣಿನ ಕಹಿಯನ್ನು ಮರದಲ್ಲಿರುವಾಗಲೇ ಒಂದು ಬಗೆಯ ಶಿಲೀಂಧ್ರವು ಒಡೆಯುವುದರಿಂದ ಸುಕ್ಕಾದ ಹಣ್ಣನ್ನು ಉದುರಿದ ಹಾಗೆಯೇ ತಿನ್ನಬಹುದು. ಇನ್ನೊಂದು ಹಳೆಯ ತಳಿಯಾದ ತ್ಸೂನಾತಿ ತುದಿಯಲ್ಲಿ ಮೊಲೆತೊಟ್ಟಿನಂಥ ಮೊನೆಯಿರುವ ಹಣ್ಣು ಬಿಡುತ್ತದೆ ಮತ್ತು ಚಳಿ ತಾಳಿಕೊಂಡು ಬೆಟ್ಟದ ಊರುಗಳಲ್ಲೂ ಬೆಳೆಯುತ್ತದೆ. ಖಾನಿಯಾ ಪ್ರಾಂತದ ಆನೋ ವೂವೆಸ್ ಎಂಬ ಹಳ್ಳಿಯಲ್ಲಿ ಕಾಡು ಆಲಿವಿನ ಬುಡಕ್ಕೆ ಕಸಿ ಮಾಡಿದ ಇದೇ ತಳಿಯ ಮರವೊಂದು, ಸುಮಾರು 12.5 ಮೀಟರ್ ಸುತ್ತಳತೆಯ, ಹುರಿಗಟ್ಟಿದ ಟೊಳ್ಳು ಕಾಂಡದೊಡನೆ ನಿಂತಿದ್ದು ಈಗಲೂ ಫಲ ಕೊಡುತ್ತದೆ. ಒಳಗಿನ ತಿರುಳು ನಶಿಸಿರುವುದರಿಂದ ಅದರ ವಯಸ್ಸನ್ನು ನಿಖರವಾಗಿ ಅಳೆಯುವುದು ಸಾಧ್ಯವಿಲ್ಲವಾದರೂ ಎರಡು ಸಾವಿರ ವರ್ಷಗಳಿಗೆ ಕಡಿಮೆಯಿಲ್ಲವೆಂಬ ಅಂದಾಜಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ವಿಜೇತರ ಕಿರೀಟಗಳಿಗೆ ಇದರ ರೆಂಬೆಗಳನ್ನೂ ಬಳಸಲಾಯಿತು.

ಎಣ್ಣೆಯ ಗುಣಮಟ್ಟ ಸುಧಾರಿಸಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಪೆಲೊಪೊನೀಸ್‌ನ ಕೊರೋನಿ ಎಂಬ ಊರಿನೊಂದಿಗೆ ಗುರುತಿಸಲಾಗುವ ಕೊರೋನೇಕಿ ತಳಿಯು ಸಣ್ಣ ಹಣ್ಣಿನದಾದರೂ ಬೇಗ ಫಸಲಿಗೆ ಬರುವುದರಿಂದಲೂ ಧಾರಾಳ ಎಣ್ಣೆ ಕೊಡುವುದರಿಂದಲೂ ತೋಪಿನಿಂದ ತೋಪಿಗೆ ಹರಡಿತು. ಮರದಡಿಯಲ್ಲಿ ಬಲೆ ಹಾಸಿ, ಕೋಲಿನಿಂದ ಬಡಿದು, ಹಣ್ಣು ಪೂರ್ತಿ ಕಪ್ಪಾಗುವ ಮೊದಲೇ ಇಳಿಸುವ ಪದ್ಧತಿ ಬಂತು. ಚೀಲ ಮತ್ತು ಒತ್ತುಯಂತ್ರಗಳ ಜಾಗದಲ್ಲಿ ಮುದ್ದೆಯನ್ನು ರಭಸದಿಂದ ತಿರುಗಿಸಿ ಎಣ್ಣೆ ಬೇರ್ಪಡಿಸುವ ಯಂತ್ರಗಳು ನಿಂತವು. ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ದಾಟದಂತೆ ನಡೆಸುವ ಈ ಕ್ರಿಯೆಗೆ ಶೀತ ನಿಷ್ಕರ್ಷಣೆ ಎಂದು ಹೆಸರು. ಎಳೆಯ ಹಣ್ಣಿನ ಹಸಿರು ಎಣ್ಣೆ ಕುಡಿದರೆ ಗಂಟಲು ಚುರುಗುಟ್ಟುತ್ತದೆ. ಹೊಸಬರು ದೋಷವೆಂದು ಭಾವಿಸುವ ಈ ಖಾರವು ಓಲಿಯೋಕ್ಯಾಂಥಾಲ್ ಎಂಬ ಸಂಯುಕ್ತದಿಂದ ಬರುವುದಾಗಿದ್ದು ತಾಜಾತನದ ಗುರುತೇ ಆಗಿದೆ.

ಕ್ರೀಟಿನ ಊಟವು ವಿದ್ವಾಂಸರ ಗಮನಕ್ಕೆ ಬಂದುದು ಬಡತನದ ಅಧ್ಯಯನವೊಂದರ ಮೂಲಕ. ಯುದ್ಧದಿಂದ ಜರ್ಜರಿತವಾಗಿದ್ದ ದ್ವೀಪದ ಜೀವನಮಟ್ಟವನ್ನು ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ 1948ರಲ್ಲಿ ಪರಿಶೀಲಿಸಿದ ಲೀಲಂಡ್ ಆಲ್‌ಬಾ, ಧಾನ್ಯ, ಬೇಳೆ, ಸೊಪ್ಪು, ಹಣ್ಣುಗಳ ಜೊತೆ ಹೇರಳ ಆಲಿವ್ ಎಣ್ಣೆಯಿರುವ ಆಹಾರಕ್ರಮವನ್ನು ದಾಖಲಿಸಿದರು. ಆ ಬಳಿಕ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ನಡೆಸಿದ ಏಳು ದೇಶಗಳ ಅಧ್ಯಯನದಲ್ಲಿ 1960ರಿಂದ ಕ್ರೀಟಿನ ಹಳ್ಳಿಗಳ ನಡುವಯಸ್ಸಿನ 686 ಗಂಡಸರೂ ಸೇರಿದ್ದು, ಆಹಾರಶಕ್ತಿಯ ಸುಮಾರು ಶೇ. 40 ಭಾಗ ಕೊಬ್ಬಿನಿಂದಲೇ ಬರುತ್ತಿದ್ದರೂ ಅವರಲ್ಲಿ ಹೃದ್ರೋಗದ ಸಾವುಗಳು ತೀರ ಕಡಿಮೆಯಿದ್ದವು. ಈ ಫಲಿತಾಂಶವನ್ನು ಎಣ್ಣೆಯೊಂದಕ್ಕೇ ಕಟ್ಟುವುದು ಸರಿಯಲ್ಲ, ಏಕೆಂದರೆ ಅವರು ಬೆಟ್ಟಗಾಡಿನಲ್ಲಿ ನಡೆದಾಡಿ ದುಡಿಯುವ, ಮಾಂಸವನ್ನು ಅಪರೂಪಕ್ಕೆ ಕಾಣುವ ರೈತರಾಗಿದ್ದರು.

ಅಲ್ಲಿನ ಅಡುಗೆಯಲ್ಲಿ ಲಾದೆರಾ ಎಂಬ ಒಂದು ವರ್ಗವೇ ಇದ್ದು, ಬೆಂಡೆ, ಬದನೆ, ಹುರುಳಿಕಾಯಿಗಳನ್ನು ಟೊಮ್ಯಾಟೊ ಜೊತೆ ಧಾರಾಳ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿ, ತಳದಲ್ಲಿ ಉಳಿಯುವ ಎಣ್ಣೆಯಲ್ಲಿ ರೊಟ್ಟಿಯನ್ನು ಅದ್ದಿ ತಿನ್ನುತ್ತಾರೆ. ಡಾಕೋಸ್ ಎಂಬುದು ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ತುರಿದ ಟೊಮ್ಯಾಟೊ, ಮೆತ್ತನೆಯ ಗಿಣ್ಣು ಹರವಿ ಎಣ್ಣೆ ಸುರಿಯುವ ತಿನಿಸು. ಆರ್ಥಡಾಕ್ಸ್ ಕ್ರೈಸ್ತರ ಕಟ್ಟುನಿಟ್ಟಿನ ಉಪವಾಸದ ದಿನಗಳಲ್ಲಿ ಎಣ್ಣೆ ನಿಷಿದ್ಧವಾದರೂ ಆಲಿವ್ ಹಣ್ಣನ್ನು ತಿನ್ನಬಹುದು. ಮಗುವಿನ ದೀಕ್ಷಾಸ್ನಾನದಲ್ಲಿ ಮೈಗೆ ಹಚ್ಚುವುದೂ ದೇವರ ಪಟದ ಮುಂದಿನ ದೀಪಕ್ಕೆ ಹಾಕುವುದೂ ಇದೇ ಎಣ್ಣೆಯನ್ನು.

ಸೀತಿಯಾ, ಪೆಝಾ, ಕೊಲಿಂವಾರಿ ಮೊದಲಾದ ಪ್ರದೇಶಗಳ ಎಣ್ಣೆಗೆ ಐರೋಪ್ಯ ಒಕ್ಕೂಟದ ಸಂರಕ್ಷಿತ ಮೂಲನಾಮದ ಮನ್ನಣೆ ಇದೆ. ಆದರೂ ಹೆಚ್ಚಿನ ಫಸಲು ಇಂದು ಕೊರೋನೇಕಿಯದೇ ಆಗಿದ್ದು, ಒಂದು ವರ್ಷ ತುಂಬ ಫಲಿಸಿ ಮರುವರ್ಷ ಬರಿದಾಗುವ ಮರದ ಸ್ವಭಾವ, ಹಣ್ಣಿನೊಳಗೆ ಮೊಟ್ಟೆಯಿಡುವ ಆಲಿವ್ ನೊಣ, ಮಳೆ ತಪ್ಪುತ್ತಿರುವ ಚಳಿಗಾಲಗಳು ಬೆಳೆಗಾರರನ್ನು ಕಾಡುತ್ತಿವೆ. ಬೆಟ್ಟದ ಮೇಲಿನ ತ್ಸೂನಾತಿ ಮತ್ತು ಥ್ರೂಂಬೋಲಿಯಾ ತೋಪುಗಳಲ್ಲಿ ಕೊಯ್ಲಿನ ಕೂಲಿ ದುಬಾರಿಯಾದ್ದರಿಂದ ಎಷ್ಟೋ ಮರಗಳು ಆರೈಕೆಯಿಲ್ಲದೆ ನಿಂತಿವೆ. ಇಷ್ಟಾದರೂ ಎಳೆಯ ಹಣ್ಣನ್ನು ಬೇಗ ಕೊಯ್ದು, ಅದೇ ದಿನ ಅರೆದು, ತ್ಸೂನಾತಿಯ ಎಣ್ಣೆಯನ್ನು ಬೇರೆ ತಳಿಯೊಡನೆ ಬೆರೆಸದೆ ತಳಿಯ ಹೆಸರಿನಲ್ಲೇ ಸೀಸೆಗೆ ತುಂಬುವ ಸಣ್ಣ ಉತ್ಪಾದಕರು ಈಗ ದ್ವೀಪದಲ್ಲಿ ಇದ್ದಾರೆ.