ಗಂಬೋ: ಬರೆಯಲಾಗದವರ ಚರಿತ್ರೆ

ಚರಿತ್ರೆಯನ್ನು ನಾವು ಶಾಸನಗಳಲ್ಲಿ, ದಫ್ತರಗಳಲ್ಲಿ, ಕಾವ್ಯಗಳಲ್ಲಿ ಹುಡುಕುತ್ತೇವೆ. ಆದರೆ ಓದು ಬರಹದಿಂದ ದೂರವಿಟ್ಟ ಜನ ತಮ್ಮ ಚರಿತ್ರೆಯನ್ನು ಎಲ್ಲಿ ಕಾಪಾಡಿಕೊಂಡಾರು? ಈ ಪ್ರಶ್ನೆಗೆ ಒಂದು ಉತ್ತರ ಅಮೆರಿಕದ ಲೂಯಿಸಿಯಾನ ರಾಜ್ಯದ ಅಡುಗೆಮನೆಗಳಲ್ಲಿ ದೊರೆಯುತ್ತದೆ.

ಆ ರಾಜ್ಯದ ಪ್ರಸಿದ್ಧ ನಗರ ನ್ಯೂ ಆರ್ಲಿಯನ್ಸ್. ಫ್ರೆಂಚರು 1718ರಲ್ಲಿ ಸ್ಥಾಪಿಸಿದ ಈ ಊರು ನಡುವೆ ಸ್ಪೇನಿನ ಆಳ್ವಿಕೆಯನ್ನು ಕಂಡು, 1803ರಲ್ಲಿ ಅಮೆರಿಕಕ್ಕೆ ಸೇರಿತು. ವಸಾಹತಿನ ಕಾಲದಲ್ಲಿ, ಹಿರಿಯರು ಯೂರೋಪಿನವರಿರಲಿ ಆಫ್ರಿಕದವರಿರಲಿ, ಅಲ್ಲಿಯೇ ಹುಟ್ಟಿದವರನ್ನು ‘ಕ್ರಿಯೋಲ್’ ಎನ್ನುತ್ತಿದ್ದರು. ಅವರ ಅಡುಗೆಯೇ ಕ್ರಿಯೋಲ್ ಅಡುಗೆ. ಅನ್ನದೊಡನೆ ಉಣ್ಣುವ ‘ಗಂಬೋ’ ಎಂಬ ಮಂದವಾದ ಸಾರಿಗೆ ಅದರಲ್ಲಿ ಅಗ್ರಸ್ಥಾನ.

ಗಂಬೋ ಎಂಬ ಮಾತಿನ ಮೂಲ ಆಫ್ರಿಕದ ಬಂಟು ಭಾಷೆಗಳಲ್ಲಿದೆ. ಅರ್ಥ, ನಮ್ಮ ನಿಮ್ಮ ಮನೆಯ ಬೆಂಡೆಕಾಯಿ. ಸಾರನ್ನು ಮಂದಗೊಳಿಸಲು ಮೂರು ದಾರಿಗಳಿವೆ. ಬೆಂಡೆಯ ಲೋಳೆ ಆಫ್ರಿಕದವರದು. ಸ್ಯಾಸಫ್ರಾಸ್ ಮರದ ಎಲೆಗಳನ್ನು ಒಣಗಿಸಿ ಕುಟ್ಟಿದ ‘ಫಿಲೆ’ ಪುಡಿ ಅಲ್ಲಿಯ ಮೂಲನಿವಾಸಿಗಳಾದ ಚಾಕ್ಟಾ ಜನರದು. ಹಿಟ್ಟನ್ನು ಜಿಡ್ಡಿನಲ್ಲಿ ಹುರಿದ ‘ರೂ’ ಫ್ರೆಂಚರದು. ಜೊತೆಗಿರುವ ಅನ್ನಕ್ಕೂ ಕಥೆಯುಂಟು. 1719ರಿಂದ ಹಡಗುಗಳಲ್ಲಿ ತುಂಬಿ ತಂದ ಪಶ್ಚಿಮ ಆಫ್ರಿಕದ ಗುಲಾಮರಲ್ಲಿ ಭತ್ತದ ಬೇಸಾಯ ಬಲ್ಲವರಿದ್ದರು.

ಕೆಲವು ವರ್ಷಗಳ ಹಿಂದೆ ಹಬ್ಬದ ದಿನಗಳಲ್ಲಿ ಆ ಸೀಮೆಯಲ್ಲಿ ತಂಗಿದ್ದಾಗ, ವೃದ್ಧೆಯೊಬ್ಬರು ನನಗೆ ರೂ ಹುರಿಯುವುದನ್ನು ಕಲಿಸಿದರು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಿರಬೇಕು. ಬಿಳಿಯ ಹಿಟ್ಟು ಹೊಂಬಣ್ಣಕ್ಕೆ, ಆಮೇಲೆ ಹಳೆಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಕಪ್ಪು ಚುಕ್ಕೆ ಕಂಡರೆ ಅಷ್ಟನ್ನೂ ಚೆಲ್ಲಿ ಮತ್ತೆ ತೊಡಗಬೇಕು. ಬಳಿಕ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ. ಫಿಲೆ ಪುಡಿ ಬೀಳುವುದು ಪಾತ್ರೆಯನ್ನು ಇಳಿಸಿದ ಮೇಲೆ. ಕುದಿಸಿದರೆ ನಾರು ನಾರಾಗುತ್ತದೆ. ಯಾವುದಕ್ಕೂ ಅಳತೆಯಿಲ್ಲ. ಕೇಳಿದರೆ, ಕೈಗೆ ಗೊತ್ತು ಎಂದರು.

ಈ ಕೈತಿಳಿವಳಿಕೆಯ ಹಿಂದೆ ಒಂದು ಕ್ರೂರ ಕಾರಣವೂ ಇದೆ. ಗುಲಾಮರಿಗೆ ಅಕ್ಷರ ಕಲಿಸುವುದನ್ನು ಲೂಯಿಸಿಯಾನ 1830ರಲ್ಲಿ ಅಪರಾಧವೆಂದು ವಿಧಿಸಿತು. ಗಂಬೋದ ಪ್ರಾಚೀನ ಲಿಖಿತ ಉಲ್ಲೇಖಗಳಲ್ಲೊಂದು ಪಾಕಶಾಸ್ತ್ರದ ಗ್ರಂಥದಲ್ಲಿಲ್ಲ, 1764ರ ನ್ಯಾಯವಿಚಾರಣೆಯ ಕಡತದಲ್ಲಿದೆ. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ತಮ್ಮ 1992ರ ಗ್ರಂಥದಲ್ಲಿ ಇದನ್ನು ಬೆಳಕಿಗೆ ತಂದರು. ಬೀದಿಯಲ್ಲಿ ತಿನಿಸು ಮಾರುತ್ತಿದ್ದ ಕೊಂಬಾ, ಲೂಯಿಸೋನ್ ಎಂಬ ಇಬ್ಬರು ಆಫ್ರಿಕದ ಹೆಂಗಸರು ಗೆಳೆಯರನ್ನು ಕೂಡಿಸಿ ಔತಣ ಮಾಡುತ್ತಿದ್ದರು. ಅದರಲ್ಲಿ ಗಂಬೋ ಇತ್ತು, ಅನ್ನವಿತ್ತು. ವಿಚಾರಣೆ ನಡೆಯದಿದ್ದರೆ ಈ ಹೆಸರುಗಳೂ ನಮಗೆ ತಿಳಿಯುತ್ತಿರಲಿಲ್ಲ. ಮುಂದೆ 1885ರಲ್ಲಿ ಲಾಫ್ಕಾಡಿಯೊ ಹರ್ನ್ ಕ್ರಿಯೋಲ್ ಅಡುಗೆಯ ಪುಸ್ತಕವೊಂದನ್ನು ಹೊರತಂದನು. ಕಪ್ಪು ಜನಾಂಗದ ಲೀನಾ ರಿಚರ್ಡ್ ಎಂಬಾಕೆ ತನ್ನದೇ ಹೆಸರಿನಲ್ಲಿ ಅಂಥ ಪುಸ್ತಕ ಪ್ರಕಟಿಸಲು 1939ರ ತನಕ ಕಾಯಬೇಕಾಯಿತು.

ಇನ್ನು ಹಬ್ಬದ ಮಾತು. ಕ್ರೈಸ್ತರ ತಪಸ್ಸುಕಾಲ ತೊಡಗುವ ಬೂದಿ ಬುಧವಾರದ ಹಿಂದಿನ ದಿನ ಮಾರ್ಡಿ ಗ್ರಾ, ಎಂದರೆ ಕೊಬ್ಬಿನ ಮಂಗಳವಾರ. ಹಳ್ಳಿಗಳಲ್ಲಿ ಅಂದು ಮುಖವಾಡ ತೊಟ್ಟ ಸವಾರರು ಮನೆ ಮನೆಗೆ ಹೋಗಿ ಹಾಡಿ ಕುಣಿದು ಅಕ್ಕಿ, ಈರುಳ್ಳಿ, ಕೋಳಿ ಬೇಡುತ್ತಾರೆ. ಮನೆಯಾತ ಜೀವಂತ ಕೋಳಿಯನ್ನು ಗಾಳಿಗೆ ಹಾರಿಬಿಟ್ಟರೆ, ಕೆಸರುಗದ್ದೆಯಲ್ಲಿ ಬಿದ್ದು ಎದ್ದು ಅದನ್ನು ಹಿಡಿಯುವ ಸಂಭ್ರಮವೇ ಸಂಭ್ರಮ! ಸಂಜೆಗೆ ಎಲ್ಲವೂ ಊರೊಟ್ಟಿನ ಗಂಬೋ ಆಗುತ್ತದೆ. ನಗರದ ಹಬ್ಬ ಬೇರೆ ಬಗೆಯದು. 1857ರಲ್ಲಿ ಶ್ರೀಮಂತ ಬಿಳಿಯರು ಕೋಮಸ್ ಎಂಬ ಸಂಘ ಕಟ್ಟಿ ಮೆರವಣಿಗೆ ಹೊರಡಿಸಿದರು; ಪಂಜು ಹೊರುವ ಕೆಲಸ ಕಪ್ಪು ಜನರದಾಯಿತು. ಕಪ್ಪು ಜನ 1909ರಲ್ಲಿ ಜುಲು ಎಂಬ ಹೆಸರಿನಲ್ಲಿ ತಮ್ಮದೇ ಮೆರವಣಿಗೆ ನಡೆಸಿ ಆ ಠೀವಿಯನ್ನೇ ಅಣಕಿಸಿದರು. ಸಂಘಗಳಲ್ಲಿ ಭೇದ ಕೂಡದೆಂದು ನಗರಸಭೆ 1991ರಲ್ಲಿ ವಿಧಿಸಿದಾಗ, ಕೋಮಸ್ ಬೀದಿಯ ಮೆರವಣಿಗೆಯನ್ನೇ ನಿಲ್ಲಿಸಿತು.

ಆದುದರಿಂದ ಗಂಬೋವನ್ನು ಜನಾಂಗಗಳ ಸಾಮರಸ್ಯದ ಸಂಕೇತವೆಂದು ಸುಲಭವಾಗಿ ಹೊಗಳುವಾಗ ನನಗೆ ಸಂಕೋಚವಾಗುತ್ತದೆ. ಪಾತ್ರೆಯಲ್ಲಿ ಬೆರೆತವರು ಬಹುಕಾಲ ಪಂಕ್ತಿಯಲ್ಲಿ ಬೆರೆಯಲಿಲ್ಲ. ಅವರಲ್ಲಿ ಅನೇಕರು ಸ್ವಂತ ಇಚ್ಛೆಯಿಂದ ಬಂದವರೂ ಅಲ್ಲ. 1941ರಲ್ಲಿ ಆರಂಭವಾದ ಡೂಕಿ ಚೇಸ್ ಎಂಬ ಭೋಜನಶಾಲೆಯಲ್ಲಿ ಕಾಲಾನಂತರದಲ್ಲಿ ಕಪ್ಪು ಬಿಳಿಯರು ಕೂಡಿ ಕುಳಿತರು. ಆಗಿನ ಕಾನೂನಿಗೆ ಅದು ವಿರುದ್ಧವಾಗಿತ್ತು. ನಾಗರಿಕ ಹಕ್ಕುಗಳ ಹೋರಾಟಗಾರರು ಅಲ್ಲಿಯ ಮಾಳಿಗೆಯಲ್ಲಿ ಸಭೆ ಸೇರುತ್ತಿದ್ದರು. ಅವರಿಗೆ ಗಂಬೋ ಬಡಿಸಿದ ಲೀಯಾ ಚೇಸ್ 2019ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಂದು ಎಲ್ಲರೂ ಬಲ್ಲರು. ಅವರಿಗೆ ಮೊದಲು ಇದೇ ಸೌಟು ಹಿಡಿದ ನೂರಾರು ಹೆಂಗಸರ ಹೆಸರು ಯಾವ ದಫ್ತರದಲ್ಲೂ ಇಲ್ಲ. ಅವರು ಕಲಿಸಿದ ಹದ ಮಾತ್ರ ಇನ್ನೂ ಕೈಯಿಂದ ಕೈಗೆ ದಾಟುತ್ತಿದೆ.