ಠಾಣೆ ಖಾಡಿಯ ದಡದಲ್ಲಿ ಶ್ರೀಗಂಧ: ಕುಲಾಂತರಿ ಮರದ ಸಂಶೋಧನೆಯ ಚರಿತ್ರೆ

ನವಿ ಮುಂಬೈಯ ವಾಶಿಯಿಂದ ರೈಲು ಠಾಣೆ ಖಾಡಿಯನ್ನು ದಾಟುವಾಗ ದಡದುದ್ದಕ್ಕೂ ಕಾಂಡ್ಲಾ ಕಾಡು ಕಾಣುತ್ತದೆ. ಆಚೆ ದಡದ ಟ್ರಾಂಬೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವಿದೆ. ಅಣುಶಕ್ತಿಗೆ ಹೆಸರಾದ ಈ ಕೇಂದ್ರದಲ್ಲಿ ಕನ್ನಡನಾಡಿನ ಶ್ರೀಗಂಧದ ಮೇಲೂ ದಶಕಗಳ ಕಾಲ ಕೆಲಸ ನಡೆದಿದೆ. ಮಣ್ಣಿನ ಬ್ಯಾಕ್ಟೀರಿಯಾದ ನೆರವಿನಿಂದ ಮರದ ವಂಶವಾಹಿಯನ್ನು ಬದಲಿಸುವ ವಿದ್ಯೆ ಶ್ರೀಗಂಧದವರೆಗೆ ಬಂದದ್ದು ಹೇಗೆ, ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಗಂಟುರೋಗದಿಂದ ಕಲಿತ ಪಾಠ

ಗಿಡದ ಬುಡದಲ್ಲಿ ಗಂಟು ಕಟ್ಟುವ ರೋಗಕ್ಕೆ ಮಣ್ಣಿನ ಬ್ಯಾಕ್ಟೀರಿಯಾ ಕಾರಣವೆಂದು 1907ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಮತ್ತು ಚಾರ್ಲ್ಸ್ ಟೌನ್ಸೆಂಡ್ ತೋರಿಸಿದರು. ಅದನ್ನೇ ಮುಂದೆ ಅಗ್ರೊಬ್ಯಾಕ್ಟೀರಿಯಂ ಎಂದು ಕರೆದರು. ಗಾಯಗೊಂಡ ಗಿಡ ಸ್ರವಿಸುವ ರಾಸಾಯನಿಕದ ಜಾಡು ಹಿಡಿದು ಬರುವ ಈ ಜೀವಿ ತನ್ನ ಡಿಎನ್‌ಎಯ ಒಂದು ತುಣುಕನ್ನು ಗಿಡದ ಕೋಶದೊಳಗೆ ಸೇರಿಸುತ್ತದೆ. ಮೇರಿ-ಡೆಲ್ ಚಿಲ್ಟನ್ ಮತ್ತು ಸಂಗಡಿಗರು 1977ರಲ್ಲಿ ಇದನ್ನು ಸಾಬೀತುಪಡಿಸಿದರು. ಗಂಟು ಕಟ್ಟಿಸುವ ವಂಶವಾಹಿಗಳನ್ನು ತೆಗೆದು, ಬೇಕಾದದ್ದನ್ನು ಅಲ್ಲಿಟ್ಟರೆ ಬ್ಯಾಕ್ಟೀರಿಯಾವೇ ಸಾಗಣೆದಾರ. 1987ರಲ್ಲಿ ಇದೇ ವಿಧಾನದಿಂದ ರೂಪಿಸಿದ, ಕಳೆನಾಶಕ ತಾಳುವ ಪಾಪ್ಲರ್ ಮರದ ವರದಿ ಬಂತು. 2002ರಲ್ಲಿ ಚೀನಾ ಕೀಟನಿರೋಧಕ ಪಾಪ್ಲರ್ ನೆಡಲು ವಾಣಿಜ್ಯ ಅನುಮತಿ ಕೊಟ್ಟಿತು.

ಗಾಜಿನೊಳಗಿನ ಗಂಧ

ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. 1899ರಲ್ಲಿ ಕೊಡಗಿನಲ್ಲಿ ಸ್ಪೈಕ್ ರೋಗ ವರದಿಯಾಯಿತು. ಎಲೆಗಳು ಕಿರಿದಾಗಿ, ಟೊಂಗೆಗಳು ಮುಳ್ಳಿನಂತೆ ನೆಟ್ಟಗಾಗಿ ಮರ ಸಾಯುತ್ತದೆ. ಇದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಒಂದೆಡೆ ರೋಗ, ಇನ್ನೊಂದೆಡೆ ಕಳ್ಳಸಾಗಣೆ. ಈ ನಡುವೆ ಉತ್ತಮ ಮರಗಳನ್ನು ವೇಗವಾಗಿ ಬೆಳೆಸುವ ಬಯಕೆಯೇ, ಗಾಜಿನ ಪಾತ್ರೆಯಲ್ಲಿ ಕೋಶಗಳಿಂದ ಸಸಿ ಬೆಳೆಸುವ ಅಂಗಾಂಶ ಕೃಷಿಗೆ ದಾರಿಯಾಯಿತು.

ಟ್ರಾಂಬೆಯ ಪಿ. ಎಸ್. ರಾವ್ ಮತ್ತು ವಿ. ಎ. ಬಾಪಟ್ 1978ರಲ್ಲಿ ಶ್ರೀಗಂಧದ ಅಂಗಾಂಶ ಕೃಷಿಯ ವರದಿ ಪ್ರಕಟಿಸಿದರು. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀಸೀತಾ ತಂಡ, ಚಿಗುರಿನಿಂದ ಬೆಳೆಸಿದ ಕೋಶಮುದ್ದೆಯಿಂದ ಭ್ರೂಣಗಳನ್ನೂ ಸಸಿಗಳನ್ನೂ ಪಡೆಯಿತು. 1990ರ ಹೊತ್ತಿಗೆ ಟ್ರಾಂಬೆ ಬಯೊರಿಯಾಕ್ಟರಿನಲ್ಲಿ ಶ್ರೀಗಂಧದ ಭ್ರೂಣಗಳನ್ನು ಬೆಳೆಸಿತ್ತು. ಬ್ಯಾಕ್ಟೀರಿಯಾಕ್ಕೆ ಕಾಲಿಡಲು ನೆಲ ಸಿದ್ಧವಾದದ್ದು ಹೀಗೆ. ಅಗ್ರೊಬ್ಯಾಕ್ಟೀರಿಯಂ ಮೂಲಕ ಗುರುತು ವಂಶವಾಹಿಗಳನ್ನು ಶ್ರೀಗಂಧಕ್ಕೆ ಸೇರಿಸಿದ ಕೆಲಸವನ್ನು ವಿ. ಶಿರಿ ಮತ್ತು ಕೆ. ಶಂಕರ ರಾವ್ ಬೆಂಗಳೂರಿನಿಂದ 1998ರಲ್ಲಿ ಪ್ರಕಟಿಸಿದರು. 2008ರಲ್ಲಿ ಟ್ರಾಂಬೆಯ ಗಣಪತಿ, ಬಾಪಟ್ ಮುಂತಾದವರು ದ್ರವದಲ್ಲಿ ತೇಲುವ ಭ್ರೂಣಕೋಶಗಳಲ್ಲಿ ಅದನ್ನು ಸಾಧಿಸಿದರು.

ಇಂಥ ಪ್ರಯೋಗದ ಕ್ರಮ ಸರಳವಾಗಿ ಹೀಗಿದೆ: ಕೋಶಗಳನ್ನು ಬ್ಯಾಕ್ಟೀರಿಯಾದ ದ್ರವದಲ್ಲಿ ಅದ್ದಿ, ಕೆಲವು ದಿನ ಜೊತೆಯಲ್ಲಿಟ್ಟು, ಬಳಿಕ ಪ್ರತಿಜೀವಕದಿಂದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಾರೆ. ಗುಸ್ ಎಂಬ ಗುರುತು ವಂಶವಾಹಿ ಒಳಸೇರಿದ ಕೋಶಗಳು ಬಣ್ಣ ಹಾಕಿದಾಗ ನೀಲಿಯಾಗುತ್ತವೆ. ಆ ನೀಲಿ ಚುಕ್ಕೆಯೇ ಗೆಲುವಿನ ಸಾಕ್ಷಿ.

ಪ್ರಯೋಗಶಾಲೆಯಿಂದ ಕಾಡಿಗೆ

ಆದರೆ ಗುರುತು ವಂಶವಾಹಿ ಮರದ ರೋಗವನ್ನು ಗುಣಪಡಿಸುವುದಿಲ್ಲ. ಶ್ರೀಗಂಧ ಅರೆಪರಾವಲಂಬಿ, ನೆರೆಯ ಗಿಡದ ಬೇರಿನಿಂದ ನೀರು, ಲವಣ ಹೀರುತ್ತದೆ. ಚೇಗು ಬಲಿಯಲು ದಶಕಗಳು ಬೇಕು. ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಕೆಲವೇ ಋತುಗಳಲ್ಲಿ ಪರೀಕ್ಷಿಸಿ ಮುಗಿಸಬಹುದಾದ ಹತ್ತಿಯಂಥ ಬೆಳೆ ಇದಲ್ಲ. ಕೊಟ್ಟಾಯಂನಲ್ಲಿರುವ ರಬ್ಬರ್ ಸಂಶೋಧನಾ ಸಂಸ್ಥೆ ರೂಪಿಸಿದ ಕುಲಾಂತರಿ ರಬ್ಬರ್ 2021ರಲ್ಲಿ ಅಸ್ಸಾಮಿನ ಪ್ರಯೋಗ ತೋಟಕ್ಕೆ ಬಂತು. ಅದು ತೋಟದ ಮರ. ಶ್ರೀಗಂಧ ಕಾಡಿನದೂ ಹೌದು.

ಕರ್ನಾಟಕದಲ್ಲಿ ಬೆಳೆಗಾರನಿಗೆ ತನ್ನ ಜಮೀನಿನ ಶ್ರೀಗಂಧದ ಒಡೆತನ ಸಿಕ್ಕಿದ್ದು 2001ರ ಕಾನೂನು ತಿದ್ದುಪಡಿಯಿಂದ. ಮರ ನೆಡುವ ಉಮೇದು ಹುಟ್ಟಿಸಿದ್ದು ಅದು, ಕುಲಾಂತರಿ ವಿದ್ಯೆಯಲ್ಲ. ಆದ್ದರಿಂದ ಈ ಚರಿತ್ರೆಯ ತೀರ್ಪು ಸ್ಪಷ್ಟ: ಅಂಗಾಂಶ ಕೃಷಿಯ ದಶಕಗಳ ಅನುಭವವನ್ನು ಮೊದಲು ಸ್ಪೈಕ್ ರೋಗ ತಾಳುವ ಮರಗಳ ಹುಡುಕಾಟಕ್ಕೆ, ಅವುಗಳ ವೃದ್ಧಿಗೆ ಬಳಸಬೇಕು. ಕುಲಾಂತರಿ ಶ್ರೀಗಂಧವನ್ನು ಹೊರಗೆ ನೆಡುವ ಮುನ್ನ ಅದರ ಬೀಜ, ಪರಾಗಗಳ ಹರಡುವಿಕೆಯನ್ನು ದೀರ್ಘಕಾಲ ಪರೀಕ್ಷಿಸಲೇಬೇಕು. ಹಕ್ಕಿ ಒಯ್ದ ಬೀಜವನ್ನು ಯಾವ ಪ್ರಯೋಗಾಲಯವೂ ಮರಳಿ ತರಲಾರದು.